ಕೆರೆ ಸದ್ದು ನುಂಗಿದ ಇಪ್ಪತ್ತು ನಿಮಿಷ

ದೇವರನ್ನು ನಂಬುವ ಹೆಂಗಸು ಮಾಟ ಮಂತ್ರವನ್ನೂ ನಂಬುತ್ತಾಳೆ ಎಂದು ಬಹಳ ಜನ ತಿಳಿದುಕೊಂಡಿರುತ್ತಾರೆ. ನಾನು ಹಾಗಲ್ಲ. ಬೆಳಿಗ್ಗೆ ದೀಪ ಹಚ್ಚದೆ ಬಾಯಿಗೆ ನೀರು ಹಾಕಿಕೊಳ್ಳುವುದಿಲ್ಲ, ಸೋಮವಾರ ಒಪ್ಪತ್ತು, ಅಮಾವಾಸ್ಯೆ ಹುಣ್ಣಿಮೆಗೆ ಗುಡಿ ತಪ್ಪಿಸುವುದಿಲ್ಲ. ಆದರೆ ಯಾರೋ ನಿಂಬೆಹಣ್ಣು ಕೊಯ್ದರು, ಅದರಿಂದ ಯಾರದೋ ಎಮ್ಮೆಯ ಹಾಲು ಬತ್ತಿತು ಎಂಬ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದೆ. ಬೇರೆಯವರ ಮೇಲೆ ಕೈ ಮಾಡಿಸಲು ದೇವರನ್ನು ಕೂಲಿಗೆ ಕರೆಯಬಾರದು ಎಂದು ನಮ್ಮ ಓಣಿಯ ಹೆಂಗಸರಿಗೆ ಬುದ್ಧಿ ಹೇಳುತ್ತಿದ್ದವಳೂ ನಾನೇ.

ಅದೇ ನಾನು ಕೆಲವು ವರ್ಷಗಳ ಹಿಂದೆ ಒಂದು ಕೆಲಸ ಮಾಡಿದೆ. ಮಾರನೆಯ ದಿನ ಬೆಳಗಿನ ಹೊತ್ತು, ನಿಚ್ಚಳ ಬಿಸಿಲಿನಲ್ಲಿ, ಹತ್ತಾರು ಜನರ ಕಣ್ಣೆದುರಿಗೆ ಒಂದು ಸಂಗತಿ ನಡೆಯಿತು. ನಾನು ಮಾಡಿದ್ದಕ್ಕೂ ಅಲ್ಲಿ ನಡೆದದ್ದಕ್ಕೂ ಸಂಬಂಧ ಉಂಟೋ ಇಲ್ಲವೋ ಎಂಬುದು ಇವತ್ತಿಗೂ ನನಗೆ ತಿಳಿದಿಲ್ಲ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಇಲ್ಲಿ ಹೆಸರುಗಳನ್ನು ಬದಲಿಸಿದ್ದೇನೆ, ಕಾಲೇಜಿನ ಹೆಸರು ಬರೆಯುವುದಿಲ್ಲ. ನಾನು ಓದುವ ಪತ್ರಿಕೆಗಳನ್ನು ನನ್ನ ಮಗಳು ಮುಟ್ಟುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಮ್ಮದು ಚನ್ನಗಿರಿ. ಯಜಮಾನರದು ಮೋಟಾರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿನ ಸುಟ್ಟ ಮೋಟಾರುಗಳು ಹೊನ್ನಾಳಿ, ನ್ಯಾಮತಿ ಕಡೆಯಿಂದಲೂ ಅವರ ಕೈಗೇ ಬರುತ್ತವೆ. ನೀರೊಳಗೆ ಇಳಿಯುವ ಕೇಬಲ್ಲಿಗೆ ಅವರು ಹಾಕಿದ ಜಾಯಿಂಟ್ ಒಳಗೆ ನೀರು ಹೋಗಿದ್ದು ಇಲ್ಲ. ಒಬ್ಬಳೇ ಮಗಳು, ವೇಣಿ. ಬೇರೆ ಮಕ್ಕಳು ರಂಗೋಲಿ ಪುಸ್ತಕ ಹಿಡಿದ ವಯಸ್ಸಿಗೆ ಇವಳು ಅಂಗಡಿಯಲ್ಲಿ ಕೂತು ಬೆಸುಗೆ ಹಾಕುವುದನ್ನು ಕಲಿತಳು. ಒಂದು ಮಗು, ಅದೂ ಆರೋಗ್ಯವಾಗಿ, ತನಗೆ ಏನು ಬೇಕೆಂದು ತಿಳಿದ ಮಗು. ಅಷ್ಟು ಕೊಟ್ಟಿದ್ದಕ್ಕೇ ನಾನು ದಿನಾ ಕೈಮುಗಿಯುತ್ತೇನೆ.

ಇಂಜಿನಿಯರಿಂಗ್ ಮುಗಿಸಿ ಅವಳು ಪಿಎಚ್.ಡಿ.ಗೆ ಸೇರಿದಳು. ವಿಷಯ ಏನು ಎಂದು ನೆಂಟರು ಕೇಳಿದರೆ ನಾನು ‘ನೀರೊಳಗೆ ಮಾತು ಕೇಳಿಸ್ಕೊಳ್ಳೋ ಯಂತ್ರ’ ಎನ್ನುತ್ತಿದ್ದೆ. ನಮ್ಮ ಕಡೆಯ ದೊಡ್ಡ ಕೆರೆ ಸೂಳೆಕೆರೆ ಇದೆಯಲ್ಲ, ಹೊರಗಿನವರು ಶಾಂತಿಸಾಗರ ಎನ್ನುತ್ತಾರೆ, ಅದರ ತಳದಲ್ಲಿ ಪೆಟ್ಟಿಗೆಗಳನ್ನಿಟ್ಟರೆ ಹೂಳು ಎಷ್ಟು, ಆಳ ಎಷ್ಟು, ನೀರು ಎಷ್ಟು ಬಿಸಿ ಎಂದು ಅವು ದಡಕ್ಕೆ ತಿಳಿಸಬೇಕು. ಮೊಬೈಲ್ ಸಿಗ್ನಲ್ ನೀರೊಳಗೆ ಹೋಗುವುದಿಲ್ಲವಂತೆ. ಸದ್ದು ಹೋಗುತ್ತದಂತೆ. ಪೆಟ್ಟಿಗೆ ಸದ್ದು ಮಾಡಬೇಕು, ದಡದಲ್ಲಿರುವ ರಿಸೀವರ್ ಕೇಳಿ ಅರ್ಥ ಮಾಡಿಕೊಳ್ಳಬೇಕು.

‘ಅದರಾಗೆ ನಾಕು ವರ್ಷ ಓದೋದೇನೈತೆ?’ ಎಂದು ಒಮ್ಮೆ ರೊಟ್ಟಿ ಬಡಿಯುತ್ತಾ ಕೇಳಿದ್ದೆ.

‘ಕಳಿಸೋದು ಕಷ್ಟ ಅಲ್ಲಮ್ಮ, ಕೇಳಿಸ್ಕೊಳ್ಳೋದು ಕಷ್ಟ’ ಎಂದಳು. ‘ನೀರೊಳಗೆ ಒಂದು ಮಾತು ಹತ್ತು ಸಲ ಬರ್ತೈತೆ. ನೆಟ್ಟಗೆ ಒಂದು, ಮೇಲೆ ತಾಗಿ ಒಂದು, ತಳಕ್ಕೆ ಬಡಿದು ಒಂದು, ಏರಿ ಕಲ್ಲಿಗೆ ಬಡಿದು ಒಂದು. ಎಲ್ಲಾ ಒಂದರ ಮೇಲೊಂದು ಬೀಳ್ತವೆ.’

‘ಮದುವೆ ಮನೆ ಪಂಕ್ತೀಲಿ ಅಷ್ಟು ಗದ್ದಲದಾಗೂ ನಿಮ್ಮಪ್ಪ ಸಾರು ಅಂದಿದ್ದು ನನಗೆ ಕೇಳಿಸ್ತೈತಲ್ಲ, ಹಂಗಾ?’

‘ಹಂಗೇ. ಅಪ್ಪನ ದನಿ ನಿನಗೆ ಮೊದಲೇ ಗೊತ್ತೈತೆ, ಅದಕ್ಕೆ ಕೇಳಿಸ್ತು. ನಾವೂ ಮೊದಲು ಯಂತ್ರಕ್ಕೆ ಗೊತ್ತಿರೋ ಒಂದು ಸೀಟಿ ಕಳಿಸ್ತೀವಿ. ಅದು ಎಷ್ಟು ಕೆಟ್ಟು ಬಂತು ಅಂತ ನೋಡ್ಕೊಂಡು, ಕೆರೆ ಇವತ್ತು ಹೆಂಗೆ ಕೆಡಿಸ್ತಾ ಐತೆ ಅಂತ ಯಂತ್ರ ಕಲೀತೈತೆ. ಆಮೇಲೆ ಬರೋ ಮಾತನ್ನ ಅದೇ ಲೆಕ್ಕದಾಗೆ ನೆಟ್ಟಗೆ ಮಾಡ್ಕೊಳ್ತೈತೆ.’

ಗಾಳಿ ಎದ್ದು ಅಲೆ ಬಂದರೆ ಕೆರೆ ಕೆಡಿಸುವ ರೀತಿಯೇ ಬದಲಾಗುತ್ತದೆ, ಕಲಿತದ್ದು ಹಳಸಿದ ಅನ್ನದ ಹಾಗೆ ಕೆಲಸಕ್ಕೆ ಬಾರದು. ಅದಕ್ಕೇ ಅವಳ ರಿಸೀವರ್ ಸೀಟಿ ಮುಗಿದ ಮೇಲೂ ಕಲಿಯುತ್ತಲೇ ಇರುತ್ತದೆ. ಒಂದು ಅಕ್ಷರ ಸರಿಯಾಗಿ ಕೇಳಿಸಿದರೆ ಆ ಅಕ್ಷರದಿಂದಲೇ ಮುಂದಿನದನ್ನು ಕೇಳುವುದನ್ನು ಕಲಿಯುತ್ತದೆ. ಈ ಉಪಾಯ ಪೂರ್ತಿ ಅವಳದು. ಎರಡು ವರ್ಷ ಬರೀ ತಪ್ಪು ಅಕ್ಷರಗಳನ್ನು ನೋಡಿ ನೋಡಿ ಅವಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ನೀರಿಗೆ ಇಳಿಬಿಡುವ ಮೈಕನ್ನು ನಮ್ಮ ಮನೆಯಲ್ಲಿ ‘ಕಿವಿ’ ಎನ್ನುತ್ತಿದ್ದೆವು. ಅದರ ಕೇಬಲ್ ಜಾಯಿಂಟ್ ಹಾಕಿದವರು ನಮ್ಮ ಯಜಮಾನರು. ನಾನು ಮಾಡಿದ್ದು ಬುತ್ತಿ ಕಟ್ಟಿದ್ದಷ್ಟೆ. ಕೆರೆಬಿಳಚಿ ಕಡೆಯ ದಡದ ಮೆಟ್ಟಿಲ ಮೇಲೆ ಅವಳ ಜೊತೆ ಎಷ್ಟು ದಿನ ಕೂತಿದ್ದೇನೋ. ಮೀನು ಹಿಡಿಯುವ ಹನುಮಂತಣ್ಣ ಪೆಟ್ಟಿಗೆಯನ್ನು ತೆಪ್ಪದಲ್ಲಿ ನಡುನೀರಿಗೆ ಒಯ್ಯುತ್ತಿದ್ದ. ‘ಅಮ್ಮಾರೇ, ನಿಮ್ಮ ಮಗಳು ಮೀನಿಗೂ ಫೋನ್ ಕೊಡಿಸ್ತಾಳೆ ಬಿಡ್ರಿ, ಆಮೇಲೆ ಅವು ಬಲೆ ಎಲ್ಲೈತೆ ಅಂತ ಮಾತಾಡ್ಕೊಂಡು ನನ್ನ ಹೊಟ್ಟೆ ಮೇಲೆ ಹೊಡೀತವೆ’ ಎಂದು ತಮಾಷೆ ಮಾಡುವನು.

ಮೊದಲ ಸಲ ಒಂದು ಅಂಕಿಯೂ ತಪ್ಪದೆ ಬಂದ ದಿನ ಅವಳ ಗೈಡ್ ನಮ್ಮ ಮನೆಗೆ ಬಂದಿದ್ದರು. ಹೋಳಿಗೆ ಮಾಡಿದ್ದೆ. ನಾಲ್ಕು ಹಾಕಿಸಿಕೊಂಡು ತುಪ್ಪ ಕೇಳಿ ಹಾಕಿಸಿಕೊಂಡು ತಿಂದರು. ‘ಅಮ್ಮಾ, ವೇಣಿ ನನ್ನ ಮಗಳಿದ್ದ ಹಾಗೆ’ ಎಂದರು. ಕೈ ತೊಳೆಯಲು ಚೊಂಬು ಹಿಡಿದು ನೀರು ಹಾಕಿದವಳು ನಾನು.

ಅದಾದ ಕೆಲವು ತಿಂಗಳಿಗೆ ವೇಣಿ ಒಂದು ಪುಸ್ತಕ ತಂದು ನನ್ನ ಮುಂದೆ ಇಟ್ಟಳು. ಯಾವುದೋ ದೊಡ್ಡ ಸಮ್ಮೇಳನದ್ದು. ಅದರಲ್ಲಿ ಅವಳ ರಿಸೀವರಿನ ಚಿತ್ರ. ಇಂಗ್ಲಿಷ್ ನನಗೆ ಓದಲು ಬಾರದು, ಆದರೆ ಚಿತ್ರದಲ್ಲಿ ನಮ್ಮ ಯಜಮಾನರ ಜಾಯಿಂಟ್ ಗುರುತಿಸಿದೆ. ‘ಮೇಲೆ ಯಾರ ಹೆಸರೈತೆ?’ ಎಂದೆ. ಗೈಡ್ ಹೆಸರು, ಅವರ ತಮ್ಮನ ಮಗನ ಹೆಸರು. ಆ ಹುಡುಗ ಒಂದು ದಿನವೂ ಕೆರೆಯ ಕಡೆ ಬಂದವನಲ್ಲ. ವೇಣಿಯ ಹೆಸರು ಕೊನೆಯ ಪುಟದ ಕೆಳಗೆ, ವೈರಿಂಗಿಗೆ ನೆರವಾದವರು ಎಂದು.

ಅವಳು ಹೋಗಿ ಕೇಳಿದ್ದಳು. ‘ಥೀಸಿಸ್ಸಿನಲ್ಲಿ ನಿನ್ನ ಹೆಸರು ಬರುತ್ತಲ್ಲಮ್ಮ, ಅವಸರ ಏನು? ಅದಕ್ಕೆ ಸಹಿ ಹಾಕಬೇಕಾದವನೂ ನಾನೇ ಅಲ್ಲವಾ?’ ಎಂದು ನಕ್ಕರಂತೆ. ಆ ನಗೆಯಲ್ಲಿದ್ದ ಬೆದರಿಕೆ ಅವಳಿಗೂ ಅರ್ಥವಾಯಿತು, ಅವಳು ಹೇಳುವಾಗ ನನಗೂ ಅರ್ಥವಾಯಿತು.

ಅವಳು ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅಳಲಿಲ್ಲ. ಬೆಸುಗೆ ಕಡ್ಡಿಯನ್ನು ಅಂಗಡಿಗೆ ವಾಪಸು ಕೊಟ್ಟಳು. ಊಟಕ್ಕೆ ಕರೆದರೆ ಬಂದು ಕೂರುವಳು, ಎರಡು ತುತ್ತು ತಿಂದು ಏಳುವಳು. ‘ಯಾರಾದ್ರೂ ನಾಕು ವರ್ಷ ಏನು ಮಾಡಿದೆ ಅಂದ್ರೆ ವೈರ್ ಹಿಡ್ಕೊಂಡಿದ್ದೆ ಅಂತೀನಿ’ ಎಂದಳು ಒಂದು ದಿನ. ಇನ್ನೊಂದು ದಿನ, ಓದು ಬಿಟ್ಟು ಅಪ್ಪನ ಅಂಗಡಿಯಲ್ಲಿ ಕೂರುತ್ತೇನೆ ಎಂದಳು. ಅಷ್ಟರಲ್ಲಿ ಸುದ್ದಿ ಬಂತು. ಹೊರಗಿನ ತಜ್ಞರು, ನೀರಾವರಿ ಇಲಾಖೆಯವರು ಕೆರೆಯ ಹತ್ತಿರವೇ ಬಂದು ಯಂತ್ರ ನೋಡುತ್ತಾರೆ. ತೋರಿಸುವವರು ಗೈಡ್. ‘ನೀನು ಯಂತ್ರದ ಪಕ್ಕ ಇರು, ವಿವರಣೆ ನಾನು ಕೊಡ್ತೀನಿ’ ಎಂದಿದ್ದರು.

ನನ್ನ ಹೊಟ್ಟೆಯೊಳಗಿನ ಉರಿಯನ್ನು ಹೇಗೆ ಬರೆಯಲಿ. ಗಂಜಿ ಬಸಿಯುವಾಗ ಅವರ ನೆನಪಾಗಿ ಅನ್ನವನ್ನೂ ಗಂಜಿಯ ಜೊತೆ ಚೆಲ್ಲುತ್ತಿದ್ದೆ. ಪೂಜೆಗೆ ಕೂತರೆ ಹೂವಿನ ಜೊತೆ ಶಾಪ ಬರುತ್ತಿತ್ತು. ಸಾಯಲಿ ಎಂದು ಕೇಳಿಕೊಳ್ಳಲಿಲ್ಲ, ಅಷ್ಟು ಬುದ್ಧಿಯನ್ನು ದೇವರು ಉಳಿಸಿದ್ದ. ಹತ್ತು ಜನರ ಮುಂದೆ ಮಾನ ಹೋಗಲಿ, ನಾಲಿಗೆ ತಡವರಿಸಲಿ, ಅದನ್ನು ನಾನು ಕಣ್ಣಾರೆ ನೋಡಬೇಕು. ಇಷ್ಟನ್ನೇ ಕೇಳುತ್ತಿದ್ದೆ, ದಿನಕ್ಕೆ ಎಷ್ಟು ಸಲ ಎಂಬುದು ನನಗೇ ಗೊತ್ತಿಲ್ಲ.

ನನ್ನ ತವರು ಜಗಳೂರು ಸೀಮೆಯ ಒಂದು ಹಳ್ಳಿ. ಅಲ್ಲಿ ನಮ್ಮ ಸೋದರತ್ತೆಯ ಕಾಲದ ಹೆಂಗಸರಲ್ಲಿ ಒಂದು ರೂಢಿ ಇತ್ತು. ಯಾರಾದರೂ ಇಲ್ಲದ ಅಪವಾದ ಹೊರಿಸಿದರೆ ಅವರ ಹೆಸರು, ಅವರ ತಾಯಿಯ ಹೆಸರು ಹೇಳಿ, ಒಂದು ಬೀಗವನ್ನು ತಮ್ಮ ಬಾಯ ಹತ್ತಿರ ಹಿಡಿದು ಒತ್ತಿ ಹಾಕಿ, ಬತ್ತದ ನೀರಿಗೆ ಎಸೆಯುವುದು. ಕೀಲಿಯನ್ನು ಹಿಂದಕ್ಕೆ, ನೋಡದೆ ಬಿಸಾಡುವುದು. ಅವರ ಬಾಯಿ ಕಟ್ಟುತ್ತದೆ ಎಂದು ನಂಬಿಕೆ. ನಮ್ಮ ಸೀಮೆಯಲ್ಲಿ ಬತ್ತದ ನೀರು ಎಲ್ಲಿಂದ ಬರಬೇಕು, ಊರ ಬಾವಿಗೇ ಹಾಕುತ್ತಿದ್ದರು. ಬೇಸಿಗೆಯಲ್ಲಿ ಬಾವಿ ತಳ ಕಂಡಾಗ ತುಕ್ಕು ಹಿಡಿದ ಬೀಗಗಳೂ ಕಾಣುತ್ತಿದ್ದವು. ‘ನೋಡು, ಊರಿನ ಬಾಯಿಗಳೆಲ್ಲ ಮತ್ತೆ ಬಿಚ್ಚಿಕೊಂಡ್ವು’ ಎಂದು ನಾವು ಹುಡುಗಿಯರು ಬಗ್ಗಿ ನೋಡಿ ನಗುತ್ತಿದ್ದೆವು.

ಯಂತ್ರ ತೋರಿಸುವ ದಿನದ ಹಿಂದಿನ ಬೆಳಿಗ್ಗೆ, ಕೆರೆಯ ಹತ್ತಿರದ ಗುಡಿಯ ಚೌಡಮ್ಮನಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಬಸ್ ಹತ್ತಿದೆ. ಚೀಲದಲ್ಲಿ ತೆಂಗಿನಕಾಯಿಯ ಜೊತೆ ಅಂಗಡಿಯ ಹಳೆಯ ಬೀಗ ಇತ್ತು. ಕೆರೆಯ ಏರಿ ಹತ್ತಿ, ಯಾರೂ ಇಲ್ಲದ ಕಡೆ ಕೆಳಗಿಳಿದು ನೀರಿನ ಅಂಚಿಗೆ ನಿಂತೆ. ಬೀಗ ಕೈಗೆ ತೆಗೆದುಕೊಂಡ ಮೇಲೆ ನೆನಪಾಯಿತು, ಅವರ ತಾಯಿಯ ಹೆಸರು ನನಗೆ ಗೊತ್ತಿಲ್ಲ. ಹಿಂದಿನ ವಾರ ವೇಣಿಯನ್ನು ಸುಮ್ಮನೆ ಎಂಬಂತೆ ಕೇಳಿದ್ದೆ. ‘ಅವರ ತಾಯಿ ಹೆಸರು ಕಟ್ಕೊಂಡು ನಿನಗೇನಮ್ಮ?’ ಎಂದು ನನ್ನ ಮುಖ ನೋಡಿದ್ದಳು.

ವಾಪಸು ಹೋಗಲು ಮನಸ್ಸು ಬರಲಿಲ್ಲ. ಗೈಡ್ ಹೆಸರು ಹೇಳಿ, ಆಮೇಲೆ ಬಾಯಿಗೆ ಬಂದದ್ದನ್ನು ಹೇಳಿದೆ. ‘ತಾಯಿ, ಇವರನ್ನ ಹೆತ್ತವಳ ಹೆಸರು ನನಗೆ ಗೊತ್ತಿಲ್ಲ, ಆಯಮ್ಮನ ತಪ್ಪೂ ಇದರಾಗಿಲ್ಲ. ನಾಳೆ ಇವರು ಹತ್ತು ಜನರ ಮುಂದೆ ತೋರಿಸೋ ಇವರ ಯಂತ್ರಕ್ಕೆ ಏನೂ ಕೇಳಿಸದಂಗೆ ಮಾಡು.’ ಹೀಗೆ ಬಾಯಿಗೆ ಹಾಕುವ ಬೀಗವನ್ನು ನಾನು ಕಿವಿಗೆ ಹಾಕಿದೆ. ಟಕ್ ಎಂದಿತು. ಎಸೆದೆ. ಕೀಲಿಯನ್ನು ತಲೆಯ ಮೇಲಿಂದ ಹಿಂದಕ್ಕೆ ಮುಳ್ಳುಕಂಟಿಗೆ ಬಿಸಾಡಿ, ಗುಡಿಗೆ ಹೋಗಿ ಕಾಯಿ ಒಡೆಸಿದೆ. ಕಾಯಿ ಚೆನ್ನಾಗಿತ್ತು. ಬಸ್ಸಿನಲ್ಲಿ ಸೀಟೂ ಸಿಕ್ಕಿತು. ಮನಸ್ಸು ಹಗುರವಾಗಿತ್ತು. ಬಹಳ ದಿನದ ಮೇಲೆ ಅವತ್ತು ಹೊಟ್ಟೆ ತುಂಬಾ ಉಂಡೆ.

ಮಾರನೆಯ ದಿನ ನಾವು ಮೂವರೂ ಎಂಟು ಗಂಟೆಗೆಲ್ಲ ಕೆರೆಯ ಮೆಟ್ಟಿಲ ಹತ್ತಿರ ಇದ್ದೆವು. ವೇಣಿ ಕಿವಿಯನ್ನು ನೀರಿಗೆ ಇಳಿಬಿಟ್ಟು ಪರೀಕ್ಷೆ ಮಾಡಿದಳು. ಎಲ್ಲಾ ಸರಿಯಾಗಿ ಬಂತು. ನಿಜ ಹೇಳುತ್ತೇನೆ, ನನಗೆ ನಿರಾಸೆಯಾಯಿತು. ಜಗಳೂರಿನ ಬಾವಿಯ ಬೀಗಗಳು ನೆನಪಾಗಿ ನನ್ನ ಮೇಲೆ ನನಗೇ ನಗು ಬಂತು.

ಹತ್ತು ಗಂಟೆಗೆ ಕಾರುಗಳು ಬಂದವು. ಶಾಮಿಯಾನದ ಕೆಳಗೆ ಹದಿನೈದು ಇಪ್ಪತ್ತು ಜನ. ಗೈಡ್ ಹೊಸ ಕೋಟು ಹಾಕಿದ್ದರು. ನೀರೊಳಗಿನ ಸದ್ದು ಎಲ್ಲರಿಗೂ ಕೇಳಲಿ ಎಂದು ಒಂದು ಸ್ಪೀಕರ್ ಜೋಡಿಸಿದ್ದರು. ‘ನನ್ನ ರಿಸೀವರ್’, ‘ನನ್ನ ವಿಧಾನ’ ಎಂದು ಅವರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಳಿದ್ದನ್ನು ನಾನು ಎಣಿಸುತ್ತಾ ಕೂತಿದ್ದೆ. ಆಮೇಲೆ ವೇಣಿಯ ಕಡೆ ತಿರುಗದೆ ಕೈಸನ್ನೆ ಮಾಡಿದರು. ಅವಳು ಕಿವಿಯನ್ನು ನೀರಿಗೆ ಬಿಟ್ಟಳು.

ಏನೂ ಕೇಳಿಸಲಿಲ್ಲ.

ಇಲ್ಲಿ ನಾನು ಸ್ವಲ್ಪ ಬಿಡಿಸಿ ಹೇಳಬೇಕು. ನೀರೊಳಗೆ ಯಾವಾಗಲೂ ಸದ್ದು ಇರುತ್ತದೆ. ಯಾರೂ ಏನೂ ಕಳಿಸದಿದ್ದರೂ ಗುಳುಗುಳು, ಚಟಚಟ, ದಡಕ್ಕೆ ಬಡಿಯುವ ನೀರು, ಎಲ್ಲೋ ದೂರದ ಪಂಪ್‌ಸೆಟ್ಟು. ಅಷ್ಟು ದಿನ ಪಕ್ಕದಲ್ಲಿ ಕೂತು ಕೇಳಿ ಕೇಳಿ ನನಗೇ ಗೊತ್ತಿತ್ತು. ಅವತ್ತು ಅದು ಯಾವುದೂ ಇಲ್ಲ. ವೇಣಿ ಕಿವಿಯನ್ನು ಮೇಲೆತ್ತಿದರೆ ಜನರ ಮಾತು, ಗಾಳಿ ಎಲ್ಲಾ ಸ್ಪೀಕರಿನಲ್ಲಿ ಕೇಳಿತು. ನೀರಿಗೆ ಇಳಿಬಿಟ್ಟ ತಕ್ಷಣ ಯಾರೋ ಬಾಗಿಲು ಹಾಕಿದ ಹಾಗೆ ನಿಂತಿತು. ಮತ್ತೆ ಎತ್ತಿದಳು, ಕೇಳಿತು. ಇಳಿಬಿಟ್ಟಳು, ಇಲ್ಲ. ನಡುನೀರಿನಿಂದ ಹನುಮಂತಣ್ಣ ಫೋನ್ ಮಾಡಿ, ‘ಪೆಟ್ಟಿಗೆ ಮೇಲೆತ್ತಿ ನೋಡಿದ್ರೆ ಕುಂಯ್ ಕುಂಯ್ ಅಂತಲೇ ಐತೆ ಕಣವ್ವ, ನಿಮಗ್ಯಾಕೆ ಕೇಳ್ವಲ್ದು?’ ಎಂದ.

ಗೈಡ್ ಮೊದಲು ನಕ್ಕರು. ‘ಹಳ್ಳಿಯ ಕೆರೆ, ದೊಡ್ಡವರನ್ನು ನೋಡಿ ನಾಚಿಕೊಂಡಿದೆ’ ಎಂದರು. ಯಾರೋ ಇಬ್ಬರು ನಕ್ಕರು. ಐದು ನಿಮಿಷವಾದ ಮೇಲೆ ಯಾರೂ ನಗಲಿಲ್ಲ. ಅವರ ಕೊರಳಪಟ್ಟಿ ಬೆವರಿಗೆ ಒದ್ದೆಯಾಯಿತು.

‘ಈ ಜಾಯಿಂಟ್ ಯಾರು ಹಾಕಿದ್ದು?’ ಎಂದು ಸಿಡುಕಿದರು.

‘ನಾನೇ ಸಾರ್’ ಎಂದರು ನಮ್ಮ ಯಜಮಾನರು. ‘ಐನೂರು ಅಡಿ ಬೋರ್‌ನಾಗೆ ಹತ್ತು ವರ್ಷ ಇರೋ ಜಾಯಿಂಟ್ ಅದು. ಜಾಯಿಂಟ್ ಹೋಗಿದ್ರೆ ಮೇಲೆತ್ತಿದಾಗ ಹೆಂಗೆ ಕೇಳ್ತಿತ್ತು?’ ಎಂದು ಪಂಚೆ ಎತ್ತಿ ಕಟ್ಟಿ ನೀರಿಗೆ ಇಳಿದು, ಎರಡು ಕಲ್ಲು ತೆಗೆದುಕೊಂಡು ನೀರೊಳಗೆ ಕಿವಿಯ ಪಕ್ಕದಲ್ಲೇ ಒಂದಕ್ಕೊಂದು ಬಡಿದರು. ಬಡಿದದ್ದು ನಮಗೆ ಕಂಡಿತು. ಸ್ಪೀಕರಿನಲ್ಲಿ ಬಂದದ್ದು ಯಂತ್ರದ್ದೇ ಸಣ್ಣ ಸುಂಯ್ ಎನ್ನುವ ಸದ್ದು ಮಾತ್ರ.

ಆ ಹೊತ್ತಿನಲ್ಲಿ ನನಗೆ ಏನನಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ. ಹೊಟ್ಟೆ ತಣ್ಣಗಾಯಿತು. ಭಯವಿತ್ತು, ಆದರೆ ಸಂತೋಷವೂ ಇತ್ತು. ಇನ್ನಷ್ಟು ಬೆವರಲಿ, ಇನ್ನಷ್ಟು ಹೊತ್ತು ನಿಲ್ಲಲಿ ಎಂದುಕೊಂಡೆ. ವೇಣಿಯ ಕಡೆ ನೋಡುವುದೇ ನನಗೆ ಮರೆತುಹೋಗಿತ್ತು.

ಆಗ ಗೈಡ್ ಅತಿಥಿಗಳ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದರು. ‘ಮುಚ್ಚುಮರೆ ಯಾಕೆ. ಈ ರಿಸೀವರ್ ಪೂರ್ತಿ ಈ ಹುಡುಗಿಯ ಡಿಸೈನ್. ಮೊದಲಿನಿಂದ ಕೊನೆಯವರೆಗೆ ಅವಳೇ ಮಾಡಿದ್ದು. ನಾನು ಆಗಾಗ ಸಲಹೆ ಕೊಟ್ಟಿದ್ದಷ್ಟೆ, ಇದರಲ್ಲಿ ನನ್ನದು ಅಂತ ಏನೂ ಇಲ್ಲ.’

ಈ ಮಾತನ್ನು ಅವರ ಬಾಯಿಂದ ಕೇಳಬೇಕು ಎಂದು ಎಷ್ಟು ತಿಂಗಳು ಕಾದಿದ್ದೆ. ಅದು ಬಂತು, ಮುಸುರೆಯನ್ನು ತಂದು ಅವಳ ತಲೆಯ ಮೇಲೆ ಸುರಿದ ಹಾಗೆ ಬಂತು. ಇಪ್ಪತ್ತು ಜನರೂ ನನ್ನ ಮಗಳ ಕಡೆ ನೋಡಿದರು. ಕೆಟ್ಟುಹೋದ ಯಂತ್ರದ ಪಕ್ಕ ಕೇಬಲ್ ಹಿಡಿದು ನಿಂತಿದ್ದಳು. ಅವಳ ಮುಖ ನೋಡಿದ ಮೇಲೆ ನನಗೆ ನಾನು ಮಾಡಿದ್ದು ಏನೆಂದು ಗೊತ್ತಾಯಿತು. ನೀರಿನ ಅಂಚಿನಲ್ಲಿ ನಿಂತು ನಾನು ‘ಇವರ ಯಂತ್ರ’ ಎಂದಿದ್ದೆ. ಊರಿಗೆಲ್ಲ ಅದು ವೇಣಿಯದು ಎಂದು ಹೇಳಿಕೊಂಡು ಬಂದವಳು, ದೇವರ ಮುಂದೆ ನಾನೇ ಅದನ್ನು ಅವರಿಗೆ ಬರೆದುಕೊಟ್ಟಿದ್ದೆ.

ಯಾರೋ ಟೀ ಕುಡಿಯೋಣ ಎಂದರು. ಜನ ಎದ್ದು ಶಾಮಿಯಾನದ ಆ ಬದಿಗೆ ಸರಿದರು. ಏರಿಯ ಹಿಂದಿನ ಮುಳ್ಳುಕಂಟಿಯಲ್ಲಿ ಕೀಲಿ ಹುಡುಕಲು ಹೋಗಲೇ ಎಂದು ಎದ್ದೆ, ಎಲ್ಲಿ ಬಿತ್ತೆಂದು ನೋಡದೆ ಬಿಸಾಡಿದ್ದು ನೆನಪಾಗಿ ಅಲ್ಲೇ ಕುಳಿತೆ. ‘ಅದು ಅವರದಲ್ಲ ತಾಯಿ, ನನ್ನ ಮಗಳದು. ನಾನು ತಪ್ಪು ಹೇಳಿದೆ. ಅವರ ಬಾಯಿಂದಲೇ ಬಂತಲ್ಲ, ನೀನೂ ಕೇಳಿಸಿಕೊಂಡೆಯಲ್ಲ’ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಎಷ್ಟು ಸಲ ಹೇಳಿಕೊಂಡೆನೋ.

ಸ್ಪೀಕರಿನಲ್ಲಿ ಸಾಸಿವೆ ಸಿಡಿದ ಹಾಗೆ ಚಟಚಟ ಎಂದಿತು. ಹಿಂದೆಯೇ ನೀರಿನ ಗುಳುಗುಳು. ಅದರ ಹಿಂದೆ ಆ ಸೀಟಿ, ಎರಡು ವರ್ಷದಿಂದ ನನಗೆ ಗೊತ್ತಿದ್ದ ಅದೇ ಸೀಟಿ. ವೇಣಿ ಕೇಬಲ್ ಕೂಡ ಅಲುಗಾಡಿಸಿರಲಿಲ್ಲ, ಕೈಕಟ್ಟಿ ನಿಂತಿದ್ದಳು. ಪರದೆಯ ಮೇಲೆ ಅಂಕಿಗಳು ಬರತೊಡಗಿದವು, ಆಳ ಇಷ್ಟು, ಬಿಸಿ ಇಷ್ಟು, ಒಂದೂ ತಪ್ಪಿಲ್ಲದೆ. ಆಗ ಗಾಳಿ ಎದ್ದು ಅಲೆ ಬರುತ್ತಿತ್ತು. ಆದರೂ ತಪ್ಪಲಿಲ್ಲ.

ಇಲಾಖೆಯ ಕಡೆಯಿಂದ ಬಂದಿದ್ದ ವಯಸ್ಸಾದ ಒಬ್ಬ ಮೇಡಂ ಟೀ ಲೋಟ ಹಿಡಿದುಕೊಂಡೇ ಬಂದು ಪರದೆಯ ಮುಂದೆ ನಿಂತರು. ಗೈಡ್ ಓಡಿಬಂದು, ‘ನಾನು ವಿವರಿಸುತ್ತೇನೆ ಮೇಡಂ’ ಎಂದರು.

‘ಇದರಲ್ಲಿ ನಿಮ್ಮದೇನೂ ಇಲ್ಲ ಅಂದ್ರಲ್ಲ ಸರ್’ ಎಂದರು ಆಯಮ್ಮ, ದನಿ ಎತ್ತದೆ. ‘ನೀವು ಟೀ ಕುಡೀರಿ, ಆರಿ ಹೋಗುತ್ತೆ. ನೀನು ಹೇಳಮ್ಮ.’

ವೇಣಿ ಅರ್ಧ ಗಂಟೆ ಮಾತಾಡಿದಳು. ಸೀಟಿಯಿಂದ ಶುರುಮಾಡಿ ಅಲೆಯವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಮೇಡಂ ಪುಸ್ತಕ ತೆಗೆದು ಅವಳ ಹೆಸರನ್ನು ಅಕ್ಷರ ಕೇಳಿ ಬರೆದುಕೊಂಡರು. ಗೈಡ್ ಕೋಟು ಬಿಚ್ಚಿ ಕೈಮೇಲೆ ಹಾಕಿಕೊಂಡು ದೂರದಲ್ಲಿ ನಿಂತಿದ್ದರು.

ಅವತ್ತು ಸಂಜೆ ಯಜಮಾನರು ಅಂಗಡಿಯಲ್ಲಿ ಕೂತು ತಮ್ಮದೇ ಜಾಯಿಂಟನ್ನು ಕೊಯ್ದು ನೋಡಿದರು. ಒಳಗೆ ಒಂದು ಹನಿ ನೀರಿಲ್ಲ. ವೇಣಿ ಅಷ್ಟೂ ಹೊತ್ತಿನ ಸದ್ದು ಲ್ಯಾಪ್‌ಟಾಪಿನಲ್ಲಿ ಉಳಿದಿತ್ತು ಎಂದು ತೆಗೆದು ತೋರಿಸಿದಳು. ಕಿವಿ ನೀರಿನಲ್ಲಿದ್ದಷ್ಟು ಹೊತ್ತೂ ಏರಿಳಿತವಿಲ್ಲದ ಬರೀ ಗೆರೆ. ಹಾಗೆ ಇಪ್ಪತ್ತು ನಿಮಿಷ, ಆಮೇಲೆ ಒಮ್ಮೆಗೇ ಕೆರೆಯ ಸದ್ದೆಲ್ಲ. ಕಿವಿಗೆ ಗಾಳಿಯ ಗುಳ್ಳೆ ಅಂಟಿಕೊಂಡಿರಬಹುದು ಎಂದಳು. ಅಷ್ಟು ಸಲ ಎತ್ತಿ ಇಳಿಸಿದರೂ ಗುಳ್ಳೆ ಇರುತ್ತದೆಯೇ ಎಂದು ಅವಳೇ ಕೇಳಿಕೊಂಡಳು. ಬಿಸಿಲಿಗೆ ಮೇಲಿನ ನೀರು ಕಾದು ಪದರ ಕಟ್ಟಿದರೆ ದೂರದ ಸದ್ದು ಬಾಗಿ ಬೇರೆ ಕಡೆ ಹೋಗುತ್ತದಂತೆ. ಪಕ್ಕದಲ್ಲಿ ಅಪ್ಪ ಬಡಿದ ಕಲ್ಲಿನ ಸದ್ದು ಎಲ್ಲಿಗೆ ಬಾಗಿತು?

ಹನುಮಂತಣ್ಣ ಮಾತ್ರ ಬೇರೆಯೇ ಹೇಳಿದ. ‘ಆ ಹೊತ್ತು ತೆಪ್ಪದ ಹುಟ್ಟು ನೀರಿಗೆ ಬಿದ್ರೂ ಸದ್ದಾಗ್ತಿರ್ಲಿಲ್ಲ ಅಮ್ಮಾರೇ, ಹತ್ತಿ ಮೂಟೆ ಮೇಲೆ ಬಿದ್ದಂಗಿತ್ತು.’ ಆದರೆ ಅವನು ತೆಪ್ಪಕ್ಕಿಂತ ಉದ್ದದ ಮೀನು ಹಿಡಿದಿದ್ದೆ ಎಂದು ಹೇಳುವ ಮನುಷ್ಯ, ಅವನ ಮಾತಿಗೆ ಸಾಕ್ಷಿಯ ಬೆಲೆ ಕೊಡುವಂತಿಲ್ಲ.

ಮುಂದಿನ ಲೇಖನ ವೇಣಿಯ ಹೆಸರು ಮೊದಲಿಟ್ಟುಕೊಂಡು ಬಂತು. ಥೀಸಿಸ್ಸಿಗೆ ಸಹಿಯೂ ಆಯಿತು, ಆ ಮೇಡಂ ಎರಡು ಸಲ ಫೋನ್ ಮಾಡಿ ವಿಚಾರಿಸಿದ ಮೇಲೆ. ಗೈಡಿಗೆ ಏನೂ ಆಗಲಿಲ್ಲ. ಆರೋಗ್ಯವಾಗಿದ್ದಾರೆ, ದೊಡ್ಡ ಕುರ್ಚಿಗೆ ಹೋಗಿದ್ದಾರೆ. ಮಗಳಿಗೆ ಸಿಗಬೇಕಾದದ್ದು ಸಿಕ್ಕಿತಲ್ಲ, ಅಷ್ಟು ಸಾಕು ಎಂದು ನಾನು ಹೇಳಬೇಕು. ಹೇಳಲು ಬಾಯಿ ಬರುವುದಿಲ್ಲ, ನನಗೆ ಸಾಲದು. ಹೋದ ವರ್ಷ ಹೊನ್ನಾಳಿಯಲ್ಲಿ ನೆಂಟರ ಮದುವೆಯಲ್ಲಿ ಬಡಿಸಲು ನಿಂತಿದ್ದೆ, ಪಂಕ್ತಿಯಲ್ಲಿ ಅವರು ಕೂತಿದ್ದರು. ‘ಚೆನ್ನಾಗಿದ್ದೀರಾ ಅಮ್ಮಾ’ ಎಂದು ನಕ್ಕರು. ಆ ಸಾಲಿಗೆಲ್ಲ ಪಾಯಸ ಬಡಿಸಿ ಅವರ ಎಲೆಯನ್ನು ಮಾತ್ರ ದಾಟಿ ಮುಂದೆ ಹೋದೆ. ಉಣ್ಣುವ ಎಲೆಯ ಮುಂದೆ ಭೇದ ಮಾಡಬಾರದು, ಪಾಪ ಎಂದು ಗೊತ್ತು. ಅದನ್ನು ದೇವರ ಹತ್ತಿರ ನಾನೇ ಮಾತಾಡಿಕೊಳ್ಳುತ್ತೇನೆ.

ಆ ಸಹಿಯಾದ ಮೇಲೆ ನಡೆದ ವೇಣಿಯ ಥೀಸಿಸ್ ಪರೀಕ್ಷೆಗೆ ಮನೆಯವರೂ ಬಂದು ಕೂರಬಹುದು ಎಂದಿದ್ದರು. ಹಿಂದಿನ ಸಾಲಿನಲ್ಲಿ ಕೂತಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು ಪುಟ ತಿರುಗಿಸುತ್ತಾ ಒಂದು ಕಡೆ ನಿಂತರು. ಆ ಇಪ್ಪತ್ತು ನಿಮಿಷವನ್ನು ವೇಣಿ ಹಾಗೇ ಬರೆದಿದ್ದಳು. ಕೆಳಗೆ, ಕಾರಣ ತಿಳಿದಿಲ್ಲ ಎಂದು.

‘ಇದನ್ನು ಯಾಕೆ ಬರೆದೆ? ಬಿಟ್ಟಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಈಗ ನೋಡು, ಇಡೀ ರಿಸೀವರ್ ಮೇಲೆ ಅನುಮಾನ ಬರುತ್ತೆ’ ಎಂದರು.

‘ನಡೆದಿದ್ದು ಸರ್. ಕಾರಣ ನನಗೆ ಗೊತ್ತಿಲ್ಲ’ ಎಂದಳು.

ಅವರು ಬಹಳ ಹೊತ್ತು ಅದನ್ನೇ ಹಿಡಿದು ಕೇಳಿದರು. ಗುಳ್ಳೆ, ಪದರ, ಕೇಬಲ್. ಅವಳು ಒಂದೊಂದಕ್ಕೂ ಯಾಕೆ ಅಲ್ಲ ಎಂದು ಹೇಳಿ, ಕೊನೆಗೆ ಗೊತ್ತಿಲ್ಲ ಎಂದೇ ನಿಂತಳು. ನಾಲ್ಕು ವರ್ಷ ಅಲ್ಲಿಗೇ ಮುಗಿಯಿತು ಎಂದು ನನಗೆ ಅನಿಸಿತು. ಎದ್ದು ನಿಂತು ಹೇಳಿಬಿಡಲೇ ಎಂದುಕೊಂಡೆ. ಏನೆಂದು ಹೇಳುವುದು? ಕೊನೆಗೆ ಅವರು ಪುಸ್ತಕ ಮುಚ್ಚಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆಯುವವರ ಉಳಿದ ಲೆಕ್ಕವನ್ನು ನಾನು ನಂಬುತ್ತೇನೆ ಎಂದರು. ಡಾಕ್ಟರೇಟ್ ಆಯಿತು.

ಮನೆಗೆ ಬಂದ ಮೇಲೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ಕೇಳಿದಳು. ‘ಅಮ್ಮಾ, ಅವತ್ತು ಶುರುವಿಂದ ಕೊನೇತನಕ ಮೆಟ್ಟಿಲ ಮೇಲೆ ಕೂತಿದ್ದೋಳು ನೀನೊಬ್ಬಳೇ. ನಾವೆಲ್ಲ ಯಂತ್ರದ ಕಡೆ ನೋಡ್ತಿದ್ವಿ. ನೀರಿನ ಕಡೆ ನಿನಗೇನಾದ್ರೂ ಕಂಡಿತ್ತಾ?’

‘ಇಲ್ಲ ಕಣೆ, ನನಗೇನೂ ಕಾಣಲಿಲ್ಲ’ ಎಂದೆ.

ಕಾಣಲಿಲ್ಲ ಎಂಬುದು ನಿಜ, ಆದರೆ ಬೀಗದ ಮಾತು ಮುಚ್ಚಿಟ್ಟೆನಲ್ಲ, ಮಗಳಿಗೆ ನಾನು ಹೇಳಿದ ಸುಳ್ಳು ಇದೊಂದೇ. ಹೇಳಿದರೆ ಏನಾಗುತ್ತದೆ ಎಂದು ಬಹಳ ಯೋಚನೆ ಮಾಡಿದ್ದೇನೆ. ಯಂತ್ರ ಮೂಕಾದದ್ದು ಅಮ್ಮನಿಂದ, ಮಾತಾಡಿದ್ದೂ ಅಮ್ಮನಿಂದ ಎಂದಾಗುತ್ತದೆ. ಅಲೆಯ ನಡುವೆಯೂ ತಪ್ಪದೆ ಬಂದ ಆ ಅಂಕಿಗಳಿಗೆ ಅವಳು ಎರಡು ವರ್ಷ ಕಣ್ಣು ಸವೆಸಿದ್ದಳು. ನಾನು ಬಾಯಿ ಬಿಟ್ಟರೆ ಅದು ಮತ್ತೊಮ್ಮೆ ಅವಳ ಕೈತಪ್ಪಿ ಹೋಗುತ್ತದೆ, ಈ ಸಲ ಕದ್ದವಳು ನಾನಾಗುತ್ತೇನೆ. ಅದೂ ನಿಜವೋ ಸುಳ್ಳೋ ಗೊತ್ತಿಲ್ಲದ ಒಂದು ಸಂಗತಿಗಾಗಿ. ಗೈಡ್ ತಮ್ಮದಲ್ಲ ಎಂದದ್ದಕ್ಕೆ ಕೆರೆ ಬಿಟ್ಟುಕೊಟ್ಟಿತೋ, ನಾನು ಬೇಡಿಕೊಂಡದ್ದಕ್ಕೋ, ಇಲ್ಲಾ ಯಾವುದೋ ಗುಳ್ಳೆ ತಾನಾಗಿ ಒಡೆಯಿತೋ, ನನಗೆ ಹೇಳಲು ಬರುವುದಿಲ್ಲ.

ವೇಣಿ ಅದನ್ನು ಬಿಟ್ಟಿಲ್ಲ. ಬರುವ ವಾರ ಮತ್ತೆ ಆ ಮೆಟ್ಟಿಲ ಹತ್ತಿರ, ಅದೇ ಹೊತ್ತಿಗೆ ಕಿವಿ ಇಳಿಬಿಟ್ಟು ದಿನಗಟ್ಟಲೆ ಕೂರುತ್ತಾಳಂತೆ. ಆ ಇಪ್ಪತ್ತು ನಿಮಿಷ ಇನ್ನೊಂದು ಸಲ ಬರುತ್ತದೆಯೇ ನೋಡಬೇಕು, ಬಂದರೆ ಕಾರಣ ಹಿಡಿಯುತ್ತೇನೆ ಎನ್ನುತ್ತಾಳೆ. ನಾನು ಬುತ್ತಿಗೆ ಚಟ್ನಿಪುಡಿ ಮಾಡಿಟ್ಟಿದ್ದೇನೆ. ಕಾರಣ ಸಿಕ್ಕಿದರೆ ನನಗೂ ಹೇಳು ಎಂದಿದ್ದೇನೆ.